ದಡ್ಡಿಯ ಹಾಗೆ ಓದು

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಅವ್ವನದು ಉಲ್ಟಾ. ಮುದ್ದಿನ ಮಗಳನ್ನೇ ಹೆಗ್ಗಣ ಮಾಡಿ ಹೇಳಿಕೊಂಡು ತಿರುಗುತ್ತಿದ್ದಳು. ಸೂಜಿ, ಪಿನ್ನು, ಮಣಿಸರ ಮಾರುತ್ತಾ ಕೊಳ್ಳೇಗಾಲದಿಂದ ಹನೂರಿನ ತನಕ ಅಲೆಯುವ ಜನ ನಾವು. ನಮ್ಮವರು ಎಲ್ಲೇ ಸಿಗಲಿ, ಕೇಳದಿದ್ದರೂ ಅವ್ವ ಹೇಳುವಳು: ದೊಡ್ಡವಳಿಗೆ ಬುದ್ಧಿ ಸಾಲದು, ಎಂಟನೇ ಕ್ಲಾಸಿಗೆ ಬಂದರೂ ಅಕ್ಷರ ತಲೆಗೆ ಹತ್ತಿಲ್ಲ. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ಯಾಕೆಂದರೆ ಕ್ಲಾಸಿಗೆ ನಾನೇ ಮುಂದು, ಅದು ಅವಳಿಗೂ ಗೊತ್ತು. ನನ್ನ ಶಾಲೆಗೋಸ್ಕರವೇ ಅವಳು ಯಳಂದೂರಿನ ಹೊರಗೆ ಹಾಕಿದ ಗುಡಾರ ಕೀಳಲು ಬಿಟ್ಟಿರಲಿಲ್ಲ. ಅಪ್ಪ ಒಬ್ಬನೇ ಸೈಕಲ್ಲಿಗೆ ಸರಕು ಕಟ್ಟಿಕೊಂಡು ಕುಂತೂರು, ಧನಗೆರೆ ಸುತ್ತಿ ಬರುತ್ತಿದ್ದ. ಸಂಜೆ ನಾನು ಒಳಗೆ ಕೂತು ಬಾಯಿಬಿಟ್ಟು ಓದಬೇಕು, ಅದು ಅವ್ವನ ಕಾನೂನು. ಓದು ಪಕ್ಕದ ಗುಡಾರಗಳಿಗೆ ಕೇಳಬಾರದೆಂದು ಅವಳು ಹೊರಗೆ ಕೂತು ಕುಟ್ಟಾಣಿ ಕುಟ್ಟುವಳು. ಒಂದು ದಿನ ಇಣುಕಿ ನೋಡಿದೆ. ಕುಟ್ಟಾಣಿಯಲ್ಲಿ ಏನೂ ಇರಲಿಲ್ಲ.

ಇದೆಲ್ಲ ಹನೂರು ಕಡೆಯ, ನಮ್ಮವರದೇ ಒಬ್ಬ ಯಜಮಾನನ ಭಯಕ್ಕೆ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ನನ್ನನ್ನು ಅವನ ಮೊಮ್ಮಗನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದ. ನಮ್ಮಲ್ಲಿ ಮಾತು ಕೊಟ್ಟರೆ ಮುಗಿಯಿತು. ನಾನು ಮೈನೆರೆದ ಮೇಲೆ ಅಲ್ಲಿಂದ ಹೇಳಿಕಳಿಸುವುದು ಶುರುವಾಯಿತು. ದಡ್ಡಿಯನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ, ಅವರೇ ಕೈಬಿಡಲಿ, ಅಪ್ಪನೂ ಮಾತು ಮುರಿದವನಾಗುವುದು ಬೇಡ ಎಂದು ಅವ್ವ ಯೋಚಿಸಿದ್ದಳು. ಅವರು ಕೈಬಿಟ್ಟರೆ ನನ್ನ ಓದು ಉಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಅಷ್ಟರಲ್ಲಿ ನಾನು ತಾಲ್ಲೂಕು ಮಟ್ಟದ ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದೆ. ಶಾಲೆಯವರು ನನ್ನ ಫೋಟೋ ಹಾಕಿಸಿ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿದರು. ನಾನು ಕುಣಿದುಕೊಂಡು ಅವ್ವನನ್ನು ಕರೆದೊಯ್ದು ತೋರಿಸಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೆಟ್ಟಗೆ ಮೇಷ್ಟ್ರ ಹತ್ತಿರ ಹೋಗಿ, ಇಳಿಸಿಬಿಡಿ ಅಂತ ಕೈಮುಗಿದಳು. ಹೆಮ್ಮೆಪಡಬೇಕಮ್ಮ ಎಂದು ಅವರು ನಕ್ಕು ಕಳಿಸಿದರು.

ಆಮೇಲೆ ಒಂದು ಬೈಕು ನಮ್ಮ ಗುಡಾರಗಳ ಮುಂದೆ ನಿಧಾನಕ್ಕೆ ಹೋಗಿ ಬರತೊಡಗಿತು. ಫ್ಲೆಕ್ಸಿನ ಹುಡುಗಿಯ ಬಿಡಾರ ಯಾವುದೆಂದು ಯಾರೋ ಕೇಳಿಕೊಂಡು ಹೋದರೆಂದು ಟೀ ಅಂಗಡಿಯವನು ಹೇಳಿದ. ಅಪ್ಪ ವ್ಯಾಪಾರಕ್ಕೆ ಹೋಗುವುದನ್ನೇ ಬಿಟ್ಟು ರಸ್ತೆ ನೋಡುತ್ತಾ ಕೂತ.

ಭಾನುವಾರ ಬಂದೇ ಬಿಟ್ಟರು, ಯಜಮಾನ ಮತ್ತು ಅವನ ಇಬ್ಬರು ಮಕ್ಕಳು. ಅವ್ವ ನನ್ನ ಜಡೆಯನ್ನು ನೋಯುವಷ್ಟು ಬಿಗಿಯಾಗಿ ಎಳೆದು ಹೆಣೆಯುತ್ತಾ ಕಿವಿಯಲ್ಲಿ ಹೇಳಿದಳು:

"ದಡ್ಡಿ ಅಂಗೆ ಓದು ಕಣವ್ವ. ಇವತ್ತೊಂದಿನ."

ಶಾಲೆಯವರು ಎಲ್ಲ ಮಕ್ಕಳ ಫೋಟೋನೂ ಹಾಕುತ್ತಾರೆ ಎಂದು ಅವರಿಗೂ ಒಂದು ಸುಳ್ಳು ಹೇಳಿದಳು. ಬಂದವರಲ್ಲಿ ಯಾರಿಗೂ ಓದು ಬಾರದು. ಯಜಮಾನ ಚಾಪೆಯ ಮೇಲೆ ಕೂತು, ಮೊಬೈಲಿನಲ್ಲಿದ್ದ ಫ್ಲೆಕ್ಸಿನ ಫೋಟೋ ನನ್ನ ಮುಖಕ್ಕೆ ಹಿಡಿದು, ಏನು ಬರೆದಿದ್ದಾರೆ ಓದು ಅಂದ. ನಾನು ತೊದಲಿದೆ. ನನ್ನ ಹೆಸರನ್ನೇ ತಪ್ಪು ಓದಿದೆ. ಎರಡನೇ ಸಾಲು ಬರುವುದಿಲ್ಲ ಅಂದೆ. ಅಂಥ ಅವಮಾನ ನನಗೆ ಮತ್ತೆಂದೂ ಆಗಿಲ್ಲ.

ಯಜಮಾನ ತಾಳ್ಮೆಯಿಂದ ಕೇಳಿ ಅಪ್ಪನ ಕಡೆ ತಿರುಗಿದ.

"ಓದಿರೋಳು ನಮ್ಗೆ ಬ್ಯಾಡ ಅಂತ ಮಾತು ಮುರ್ಕಂಡು ಓಗಕ್ಕೇ ಬಂದಿದ್ವಿ. ಓದ್ತಳೆ ಅಂದಿದ್ದು ಸುಳ್ಳಾಯ್ತು ಬುಡು. ಬುದ್ಧಿ ಇರೋವು ಗುಡಾರ್‌ದಲ್ಲಿ ನಿಲ್ಲಕಿಲ್ಲ, ನಮ್ಗೆ ಬೇಕಾದ್ದು ಇಂತೋಳೇ."

ಇಷ್ಟು ವರ್ಷ ಕಂಡಕಂಡವರಿಗೆಲ್ಲ ದಡ್ಡಿ ಅಂತ ಹೇಳಿ ಅವ್ವ ನನ್ನನ್ನು ಅವರಿಗೆ ತಕ್ಕ ಸೊಸೆ ಮಾಡಿಟ್ಟಿದ್ದಳು. ಅವಳು ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಅಂದಳು:

"ಸರಿಯಾಗಿ ಓದವ್ವ."

ಓದಿದೆ. ಫ್ಲೆಕ್ಸಿನ ಕೆಳಗಿದ್ದ ಪ್ರಿಂಟಿಂಗ್ ಅಂಗಡಿಯ ಫೋನ್ ನಂಬರ್ ಸಮೇತ ಒಂದೇ ಉಸಿರಿಗೆ ಓದಿದೆ. ಸಾಲದ್ದಕ್ಕೆ ಪದ್ಯ, ಮಗ್ಗಿ, ಇಂಗ್ಲಿಷ್ ಪಾಠ, ಯಾರೂ ಕೇಳದ್ದನ್ನೆಲ್ಲ ಹೇಳಿದೆ. ಸಿಟ್ಟು ಬಾಯಿಗೆ ಬಂದಿತ್ತು, ನಿಲ್ಲಿಸಲು ಆಗಲಿಲ್ಲ. ಯಜಮಾನ ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಗೆದ್ದೆವು ಅಂದುಕೊಂಡೆ. ಅವ್ವನ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವೂ ಇತ್ತು.

ಬಾಗಿಲಲ್ಲಿ ನನ್ನ ತಂಗಿ ಮಣಿ ಪೋಣಿಸುತ್ತಾ ಕೂತಿದ್ದಳು. ಒಬ್ಬಳ ಓದು ಮುಚ್ಚಿಡುವುದೇ ಸಾಕಾಗಿದೆ ಎಂದು ಅವ್ವ ಅವಳನ್ನು ಇನ್ನೂ ಶಾಲೆಗೆ ಸೇರಿಸಿರಲಿಲ್ಲ. ಯಜಮಾನ ನಿಂತು, ಇದೂ ಓದುತ್ತದಾ ಎಂದು ಕೇಳಿದ. ಅವ್ವ ಬಾಯಿ ತೆರೆಯುವಷ್ಟರಲ್ಲಿ ತಂಗಿ ತಲೆ ಎತ್ತಿದಳು. ನೆಂಟರು ಕೇಳಿದರೆ ಏನು ಹೇಳಬೇಕೆಂಬುದು ಅವಳಿಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು.

"ಇಲ್ಲ ತಾತ, ನಂಗೊಂದಕ್ಸರನೂ ಬರಕಿಲ್ಲ," ಅಂದಳು, ನಗುನಗುತ್ತಾ.

ಯಜಮಾನ ಒಳಗೆ ಬಂದು ಮತ್ತೆ ಚಾಪೆಯ ಮೇಲೆ ಕೂತ.