ಗಾಡಿ ಕೊಳ್ಳೋಕೆ ಒಯ್ದ ಸಾಂಬಾರು

ಗಾಡಿ ಕೊಳ್ಳೋಕೆ ಹೋದವರು ಬಾನೆಟ್ ಎತ್ತಿ ನೋಡ್ತಾರೆ, ಟೈರಿಗೆ ಒದೀತಾರೆ. ತಿಂಡಿ ಗಾಡಿ ಇಡಲೇಬೇಕು ಅಂತ ಹಟ ಹಿಡಿದಿದ್ದ ನಾನು, ಚಿನ್ನದ ಗಣಿ ಕಡೆಯ ಊರಿಗಾಂಗೆ ಹಳೇ ವ್ಯಾನ್ ನೋಡೋಕೆ ಹೋದಾಗ ಪಾತ್ರೆ ತುಂಬ ಸಾಂಬಾರು ಹೊತ್ತುಕೊಂಡು ಹೋಗಿದ್ದೆ.

"ಏನಮ್ಮಾ, ಗಾಡಿ ನೋಡಾಕ್ ಬಂದ್ಯಾ, ಊಟ ಬಡ್ಸಾಕ್ ಬಂದ್ಯಾ?" ಅಂದರು ಮಾರುತ್ತಿದ್ದ ಮುದುಕರು.

"ಇದನ್ನ ಗಾಡಿ ಇಂದ್ಗಡೆ ಇಡ್ತೀನಿ. ಬಂಗಾರಪೇಟೆಗಂಟ ಓಡ್ಸಿ. ಚೆಲ್ಲಿದ್ರೆ ಗಾಡಿ ಬ್ಯಾಡ."

ಅವರು ತಮಿಳಿನಲ್ಲಿ ಏನೋ ಗೊಣಗಿಕೊಂಡು ಸ್ಟೇರಿಂಗ್ ಹಿಡಿದರು. ಆ ರಸ್ತೆಯ ಗುಂಡಿಗಳು ನನಗೆ ಗೊತ್ತಿಲ್ಲದವೇನಲ್ಲ. ಆದರೂ ಒಂದು ಹನಿ ಚೆಲ್ಲಲಿಲ್ಲ. ಅಲ್ಲೇ ಗಾಡಿ ಕೊಂಡುಬಿಟ್ಟೆ.

ವ್ಯಾಪಾರದ ಮೊದಲ ದಿನ ಬಂಗಾರಪೇಟೆಗೆ ಅಂತ ನಾನೇ ಓಡಿಸಿದೆ. ಚಾಂಪಿಯನ್ ರೀಫ್ಸ್ ದಾಟುವಷ್ಟರಲ್ಲಿ ಇಡ್ಲಿಗಳೆಲ್ಲ ಸಾಂಬಾರಿನಲ್ಲಿ ಈಜುತ್ತಿದ್ದವು. ಸೀದಾ ಊರಿಗಾಂಗೆ ಹೋಗಿ ಮುದುಕರ ಮನೆ ಮುಂದೆ ನಿಲ್ಲಿಸಿದೆ.

ಅವರು ಒಳಗೆ ಇಣುಕಿ ನಕ್ಕರು. "ನಾನ್ ಮಾರಿದ್ದು ಗಾಡಿ ಕಣಮ್ಮಾ. ಕೈ ಮಾರ್ಲಿಲ್ಲ."

ನನಗೆ ಉರಿದುಹೋಯಿತು. ಆದರೆ ಗಾಡಿ ವಾಪಸ್ ಕೊಡುವ ಜಾಯಮಾನ ನನ್ನದಲ್ಲ. "ಅಂಗಾದ್ರೆ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ, ಕಲ್ಸಿ," ಅಂದೆ. ಹಿಂದೆ ನೀರು ತುಂಬಿದ ಪಾತ್ರೆ ಇಟ್ಟುಕೊಂಡು, ಅದು ತುಳುಕದೆ ನಿಲ್ಲುವವರೆಗೂ ಅದೇ ಗುಂಡಿಗಳಲ್ಲಿ ಓಡಾಡಿದೆ.

ಈಗ ನಾನು ಎಷ್ಟು ನಿಧಾನ ಅಂದರೆ, ಹಿಂದೆ ಬರುವ ಬಸ್ಸಿನ ಡ್ರೈವರ್ ದಿನಾ ಹಾರ್ನ್ ಒತ್ತಿ ನನ್ನ ವಂಶವನ್ನೆಲ್ಲ ಬೈತಾನೆ. ಬೈಯಲಿ ಬಿಡಿ. ಬಂಗಾರಪೇಟೆ ಸೇರಿದ ಮೇಲೆ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು, "ಸಾಂಬಾರ್ ಇನ್ನೊಂಚೂರು ಆಕಮ್ಮಾ" ಅನ್ನೋನು ಅವನೇ.