ಒಂದು ಬೆಂಚಿಗೆ ಒಂದು ಪುಸ್ತಕ

ನನಗೆ ಹಾಡಲು ಬರುವುದಿಲ್ಲ. ಬೇರೆಯವರಿಗೆ ಇದನ್ನು ಒಪ್ಪಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಆದರೆ ನಾನು ಹುಟ್ಟಿದ್ದು ಆಂಗ್ಲಿಕನ್ ಪದ್ಧತಿಯ ಕ್ರೈಸ್ತರ ಮನೆಯಲ್ಲಿ. ನಮ್ಮಲ್ಲಿ ಮಗು ಹುಟ್ಟಿದರೆ ಹಾಡು, ಮದುವೆಯಾದರೆ ಹಾಡು, ಸತ್ತರಂತೂ ನಾಲ್ಕು ಹಾಡು. ನಡುವೆ ಉಳಿದ ರವಿವಾರಗಳಲ್ಲಿ ನಿಂತು ಹಾಡಬೇಕು, ಕೂತು ಕೇಳಬೇಕು, ಮೊಣಕಾಲೂರಿ ಬೇಡಬೇಕು. ಯಾವಾಗ ಏಳಬೇಕು, ಯಾವಾಗ ಕೂಡಬೇಕು ಎಂಬುದೂ ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಭಕ್ತಿಗೂ ವ್ಯಾಯಾಮಕ್ಕೂ ನಮ್ಮ ಹಿರಿಯರು ಬಹಳ ಭೇದ ಮಾಡಲಿಲ್ಲ. ಇಂಥಲ್ಲಿ ನನ್ನ ದನಿ ಕೇಳಿದ ನನ್ನ ಹೆಂಡತಿ ಮದುವೆಯಾದ ಮೊದಲ ರವಿವಾರವೇ, ಮನಸ್ಸಿನಲ್ಲಿ ಹಾಡಿದರೂ ದೇವರಿಗೆ ಕೇಳಿಸುತ್ತದೆ ಎಂದು ಮೆಲ್ಲಗೆ ತಿಳಿಸಿದಳು. ಅಂದಿನಿಂದ ನಾನು ತುಟಿ ಮಾತ್ರ ಆಡಿಸುತ್ತೇನೆ.

ಹಾಡಲು ಬಾರದವನಿಗೂ ಸಭೆಯಲ್ಲಿ ಏನಾದರೊಂದು ಕೆಲಸ ಕೊಡಬೇಕಲ್ಲ. ಖಾನಾಪುರದ ನಮ್ಮ ಸಣ್ಣ ಚರ್ಚಿನಲ್ಲಿ ನನಗೆ ಎರಡು ಕೊಟ್ಟಿದ್ದಾರೆ. ಹೈಸ್ಕೂಲಿನಲ್ಲಿ ಕಾರಕೂನನಾಗಿ ನಿವೃತ್ತನಾದವನೆಂದು ಕಾರ್ಯದರ್ಶಿಯ ಕೆಲಸ, ಅಕ್ಷರ ದುಂಡಗಿದೆಯೆಂದು ಗೀತೆಯ ಹಲಗೆಯ ಕೆಲಸ. ವೇದಿಯ ಬಾಜು ಗೋಡೆಗೆ ಒಂದು ಮರದ ಹಲಗೆ ತೂಗುಹಾಕಿದ್ದೇವೆ. ಅಂದು ಹಾಡುವ ಗೀತೆಗಳ ನಂಬರು ಬರೆದ ತಗಡುಗಳನ್ನು ಅದರಲ್ಲಿ ಸಿಕ್ಕಿಸಬೇಕು. ಬೇರೆ ಊರಿನ ಚರ್ಚುಗಳಲ್ಲಿ ನಂಬರಿನದು ಒಂದೇ ಸಾಲು. ನಮ್ಮಲ್ಲಿ ಎರಡು: ಎಡಕ್ಕೆ ಕನ್ನಡ ಪುಸ್ತಕದ್ದು, ಬಲಕ್ಕೆ ಮರಾಠಿ ಪುಸ್ತಕದ್ದು. ಗೀತೆಯೂ ಒಂದೇ, ರಾಗವೂ ಒಂದೇ, ಆದರೆ ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ, ಎಲ್ಲರೂ ಕೂಡಿಯೇ ಹಾಡುತ್ತಾರೆ. ಹೊಸಬರಿಗೆ ಸಂತೆಗೆ ಬಂದಂತೆ ಅನಿಸುತ್ತದೆ. ನಮಗೆ ರೂಢಿಯಾಗಿದೆ.

ಈ ಸಭೆ ಹುಟ್ಟಿದ್ದು ಬಸ್ಸು ತಪ್ಪಿದ್ದರಿಂದ. ಬೀಡಿ, ಪಾರಿಶ್ವಾಡ ಎಂಬ ಹಳ್ಳಿಗಳ ಕಡೆಯಿಂದ ಕೆಲಸಕ್ಕೆಂದು ಖಾನಾಪುರಕ್ಕೆ ಬಂದು ನಿಂತ ಕೆಲವು ಮನೆತನಗಳು ಪ್ರತಿ ರವಿವಾರ ಆರಾಧನೆಗೆ ಬೆಳಗಾವಿಯ ಕ್ಯಾಂಪಿನ ಚರ್ಚಿಗೆ ಹೋಗುತ್ತಿದ್ದವು. ಬಸ್ಸು ತಡವಾದರೆ ಇವರು ಮುಟ್ಟುವ ಹೊತ್ತಿಗೆ ಕರ್ತನ ಭೋಜನ ಮುಗಿದು ಕೊನೆಯ ಆಶೀರ್ವಾದ ನಡೆದಿರುತ್ತಿತ್ತು. ಎಲೆ ಎತ್ತುವಾಗ ಬಂದ ಬೀಗರ ಹಾಗೆ ಹಿಂದೆ ನಿಂತು ಆಶೀರ್ವಾದವಷ್ಟನ್ನೇ ಪಡೆದು ಮರಳುತ್ತಿದ್ದರು. ಆಗ ಇಲ್ಲಿಯ ದವಾಖಾನೆಯಲ್ಲಿ ನರ್ಸ್ ಆಗಿದ್ದವರು ಸುಶೀಲಾಬಾಯಿ. ಅವರ ಮನೆಮಾತು ಮರಾಠಿ. ಹಟ ಮಾತ್ರ ಎರಡೂ ಭಾಷೆಯಲ್ಲಿ. ಹೀಗೆ ಬಸ್ಸು ತಪ್ಪಿದ ಒಂದು ರವಿವಾರ ಅವರು ಸ್ಟ್ಯಾಂಡಿನಲ್ಲಿ ನಿಂತಿದ್ದವರನ್ನೆಲ್ಲ ತಮ್ಮ ಮನೆಯ ಪಡಸಾಲೆಗೆ ಕರೆದೊಯ್ದು, ದವಾಖಾನೆಯ ಹಳೆಯ ಬೆಂಚು ಹಾಕಿ ಕೂರಿಸಿದರು. ಪಾದ್ರಿಗಳಿಲ್ಲ, ಹಾರ್ಮೋನಿಯಂ ಪೆಟ್ಟಿಗೆಯಿಲ್ಲ. ಬೀಡಿಯವರ ಚೀಲದಲ್ಲಿ ಮೂರು ಕನ್ನಡ ಪುಸ್ತಕ, ಬಾಯಿಯವರ ಟ್ರಂಕಿನಲ್ಲಿ ಎರಡು ಮರಾಠಿ. ಒಂದು ಬೆಂಚಿಗೆ ಒಂದು ಪುಸ್ತಕ ಎಂದು ಅವರೇ ಹಂಚಿದರು. ಅಂದಿನಿಂದ ಒಂದು ರವಿವಾರವೂ ತಪ್ಪಿಲ್ಲ.

ಪಡಸಾಲೆ ಸಾಲದಾದಾಗ ಅಕ್ಕಿ ಗಿರಣಿಯ ಹಳೆಯ ಗೋದಾಮು, ಅದೂ ಸೋರತೊಡಗಿದಾಗ ಈಗಿನ ಕಟ್ಟಡ. ಇಟ್ಟಿಗೆ ಇದೇ ಊರಿನ ಭಟ್ಟಿಯದು. ಗೋಡೆ ಎಬ್ಬಿಸಿದ ಗೌಂಡಿ ಸಾಬರು ತಮ್ಮ ನಮಾಜಿನ ಹೊತ್ತಿಗೆ ಕರಣೆ ಕೆಳಗಿಟ್ಟು ಹೋಗಿ ಬಂದು, ನಮ್ಮ ವೇದಿಯ ಮೆಟ್ಟಿಲಿಗೆ ಮಟ್ಟ ಹಿಡಿಯುತ್ತಿದ್ದರು. ಕಿಟಕಿಯ ಸರಳು ಎದುರು ಮನೆಯ ಲಿಂಗಾಯತ ಗೌಡರದು. ಗಂಟೆ ಮಾತ್ರ ಬೆಳಗಾವಿಯ ರವಿವಾರ ಪೇಟೆಯಿಂದ ತಂದದ್ದು. ಬಾರಿಸಿದರೆ ಸಾಲಿಯ ಮಕ್ಕಳನ್ನು ಮನೆಗೆ ಬಿಟ್ಟಂತೆ ಕೇಳಿಸುತ್ತದೆ.

ಹೋದ ವರ್ಷ ಬಿಷಪ್ಪರ ಕಚೇರಿಯಿಂದ ಒಂದು ಕಾಗದ ಬಂತು. ನಮ್ಮದನ್ನು ಪೂರ್ಣ ಸಭೆಯೆಂದು ಮಾನ್ಯ ಮಾಡಲು ಬಿಷಪ್ಪರೇ ಬರುತ್ತಾರೆ. ಅಷ್ಟರಲ್ಲಿ ಸದಸ್ಯರ ಪಟ್ಟಿ ಸಿದ್ಧವಿರಬೇಕು, ಪ್ರತಿ ಹೆಸರಿನ ಮುಂದೆ ಭಾಷೆ ಬರೆದಿರಬೇಕು. ಎರಡು ಭಾಷೆಯ ಜನರಿದ್ದರೆ ಆರಾಧನೆಯನ್ನು ಎರಡು ಮಾಡಿಕೊಡುತ್ತಾರೆ. ಪಾದ್ರಿಗಳು ಬೆಳಗಾವಿಯಿಂದ ಬರುವುದೇ ತಿಂಗಳಿಗೆ ಎರಡು ಸಲ, ಹಾಗಾಗಿ ಒಂದು ಸಲ ಕನ್ನಡದವರಿಗೆ, ಒಂದು ಸಲ ಮರಾಠಿಯವರಿಗೆ. ಕಾಗದವನ್ನು ಸುಶೀಲಾಬಾಯಿಯವರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಇರೂದ ಒಂದ ಹಿಡಿ ಮಂದಿ, ಅಣ್ಣಾರ. ಎರಡ ಮಾಡಿದ್ರ ಎರಡೂ ಉಳಿಯೂದಿಲ್ಲ. ಪಟ್ಟಿ ಮಾಡಬ್ಯಾಡ್ರಿ.”

ಅವರ ಮಾತು ಖರೆಯೆಂದು ನನಗೂ ಗೊತ್ತಿತ್ತು. ಆದರೆ ನಾನು ಕಾರಕೂನ. ಖಾಲಿ ಕಾಲಮು ಕಂಡರೆ ನನ್ನ ಕೈ ತುರಿಸುತ್ತದೆ. ಇನ್ನೊಂದು ಸಣ್ಣತನವನ್ನೂ ಹೇಳಿಬಿಡುತ್ತೇನೆ: ಎರಡು ಆರಾಧನೆಯಾದರೆ ಹಲಗೆಗೆ ಒಂದೇ ಸಾಲು ಸಾಕು ಎಂದು ಒಳಗೊಳಗೆ ಖುಷಿಯೂ ಆಗಿತ್ತು. ಮನೆಯಲ್ಲಿ ಕೂತು, ಯಾರನ್ನೂ ಕೇಳದೆ, ಅವರವರ ಮನೆಮಾತು ನೆನೆದು ಪಟ್ಟಿ ಬರೆದು ಮುಗಿಸಿದೆ. ಮರಾಠಿಯವರಲ್ಲಿ ಮೊದಲ ಹೆಸರು ಸುಶೀಲಾಬಾಯಿಯವರದೇ.

ಬಿಷಪ್ಪರು ಬರುವ ರವಿವಾರ ಸುಗ್ಗಿಯ ಕೃತಜ್ಞತೆಯ ಆರಾಧನೆ. ಅದರ ಹಿಂದಿನ ರವಿವಾರ ಅಗಲಿದವರ ಸ್ಮರಣೆ ಆಗಿತ್ತು. ಗಡಿಬಿಡಿಯಲ್ಲಿ ನಾನು ಎಡಸಾಲಿನ ತಗಡು ಬದಲಿಸಿದೆ, ಹಲಗೆ ಒರೆಸಿದೆ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟೆ. ಬಲಸಾಲಿನಲ್ಲಿ ಹಿಂದಿನ ವಾರದ ನಂಬರು ಹಾಗೇ ಇತ್ತು.

ಇಲ್ಲಿ ಗೀತೆಗಳ ಛಂದಸ್ಸಿನ ಬಗ್ಗೆ ಎರಡು ಮಾತು ಹೇಳಬೇಕು, ಹಾಡಲು ಬಾರದವನು ಇಂಥದ್ದನ್ನೇ ಓದಿಕೊಂಡಿರುತ್ತಾನೆ. ನಮ್ಮ ಗೀತೆಗಳನ್ನು ಸಾಲಿಗೆ ಇಷ್ಟು ಅಕ್ಷರ ಎಂದು ಅಳೆದು ಕಟ್ಟಿರುತ್ತಾರೆ. ಅಳತೆ ಕೂಡಿದರೆ ಯಾವ ಗೀತೆಯನ್ನು ಯಾವ ರಾಗದಲ್ಲಾದರೂ ಹಾಡಬಹುದು. ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅವರು ಒಂದೇ ಧಾಟಿಯಲ್ಲಿ ತವರನ್ನೂ ಹೊಗಳುತ್ತಿದ್ದರು, ಅತ್ತೆಯನ್ನೂ ಬಯ್ಯುತ್ತಿದ್ದರು. ನನ್ನ ದುರ್ದೈವಕ್ಕೆ ಸುಗ್ಗಿಯ ಗೀತೆಯ ಅಳತೆಯೂ ಹಿಂದಿನ ವಾರ ಹಾಡಿದ ಮಣ್ಣು ಕೊಡುವಾಗಿನ ಗೀತೆಯ ಅಳತೆಯೂ ಒಂದೇ ಆಗಿತ್ತು.

ಪೆಟ್ಟಿಗೆ ನುಡಿಯಿತು, ಎಲ್ಲರೂ ಎದ್ದರು. ಕನ್ನಡ ಪುಸ್ತಕದವರು ಕಣಜ ತುಂಬಿಸಿದ ದೇವರನ್ನು ಕೊಂಡಾಡತೊಡಗಿದರು. ಮರಾಠಿ ಪುಸ್ತಕದವರು ಅದೇ ರಾಗದಲ್ಲಿ ದೇಹವನ್ನು ಮಣ್ಣಿಗೆ ಒಪ್ಪಿಸತೊಡಗಿದರು. ಎರಡನೆಯ ಸಾಲಿಗೆ ಎಲ್ಲರಿಗೂ ಗೊತ್ತಾಗಿತ್ತು. ಆದರೆ ಬಿಷಪ್ಪರ ಮುಂದೆ ಮೊದಲು ನಿಲ್ಲಿಸುವವರು ಯಾರು? ಹಿಡಿದ ಹಾಡು ಬಿಡುವ ಜನವಲ್ಲ ನಮ್ಮದು. ಬಿಷಪ್ಪರ ತಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಿತ್ತು.

ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಹಲಗೆಯ ಕಡೆ ನೋಡಲಾರದೆ ಜನರ ಕಡೆ ಮುಖ ಮಾಡಿದೆ. ಇಷ್ಟು ವರ್ಷ ಎರಡು ಭಾಷೆಯಲ್ಲೂ ಒಂದೇ ಅರ್ಥ ಹಾಡುತ್ತಿದ್ದರಿಂದ ಯಾರ ಬಾಯಲ್ಲಿ ಯಾವ ಮಾತಿದೆಯೆಂದು ನಾನು ಕಿವಿಗೊಟ್ಟಿರಲಿಲ್ಲ. ಅಂದು ಒಬ್ಬೊಬ್ಬರದೂ ಬೇರೆಯಾಗಿ ಕೇಳಿಸಿತು. ಪಾರಿಶ್ವಾಡದ ರೈತ ಯೇಸಪ್ಪನನ್ನು ನಾನು ಕನ್ನಡದವರಲ್ಲಿ ಬರೆದಿದ್ದೆ. ಅವನು ಕಣ್ಣು ಮುಚ್ಚಿ ಎದೆತುಂಬಿ ಮರಾಠಿಯಲ್ಲಿ ಹಾಡುತ್ತಿದ್ದ. ಪಡಸಾಲೆಯ ಕಾಲದಲ್ಲಿ ಅವನ ಬೆಂಚಿಗೆ ಬಂದದ್ದು ಮರಾಠಿ ಪುಸ್ತಕ, ಅದೇ ಬಾಯಿಪಾಠವಾಗಿತ್ತು. ಮರಾಠಿಯವರೆಂದು ಬರೆದ ಇಬ್ಬರು ಅಕ್ಕತಂಗಿಯರು ಕನ್ನಡದಲ್ಲಿ ಸುಗ್ಗಿ ಮಾಡುತ್ತಿದ್ದರು.

ಮುಂದಿನ ಬೆಂಚಿನಲ್ಲಿ ಸುಶೀಲಾಬಾಯಿ ಇದ್ದರು, ಅವರ ಬಾಜು ಬೀಡಿಯ ಮಾರ್ಥಾಬಾಯಿ. ಮಾರ್ಥಾಬಾಯಿಗೆ ಅಕ್ಷರ ಬರುವುದಿಲ್ಲ, ಕನ್ನಡ ಬಿಟ್ಟರೆ ಬೇರೆ ಮಾತೂ ಬರುವುದಿಲ್ಲ. ಸುಶೀಲಾಬಾಯಿ ಕನ್ನಡ ಪುಸ್ತಕ ಹಿಡಿದು, ಬಾಗಿ, ಪ್ರತಿ ಸಾಲನ್ನು ಒಂದು ಉಸಿರು ಮೊದಲೇ ಆಕೆಯ ಕಿವಿಗೆ ಹೇಳಿಕೊಡುತ್ತಿದ್ದರು. ಆಕೆ ಅದನ್ನು ಹಿಡಿದು ಹಾಡುತ್ತಿದ್ದಳು. ಹೀಗೆ ಎಷ್ಟು ವರ್ಷವಾಯಿತೋ! ಸಭೆ ಕಟ್ಟಿದ ಹೆಂಗಸು ತನ್ನ ಸಭೆಯಲ್ಲೇ ತನ್ನ ಮನೆಮಾತಿನಲ್ಲಿ ಹಾಡಿರಲಿಲ್ಲ. ನಾನು ಅವರಿಬ್ಬರನ್ನು ಬೇರೆ ಬೇರೆ ರವಿವಾರಕ್ಕೆ ಬರೆದಿದ್ದೆ. ನನಗೆ ಬಹಳ ನಾಚಿಕೆಯಾಯಿತು, ಕಣ್ಣೂ ತುಂಬಿ ಬಂತು.

ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತ ಬಿಷಪ್ಪರು, ಫಸಲನ್ನೂ ಹೆಣವನ್ನೂ ಒಟ್ಟಿಗೆ ಹೊತ್ತು ತಮ್ಮನ್ನು ಸ್ವಾಗತಿಸಿದ ಸಭೆ ಇದೇ ಮೊದಲನೆಯದು ಎಂದರು. ಒಳ್ಳೆಯ ಮನುಷ್ಯ. ಆಮೇಲೆ ಪಟ್ಟಿ ಕೇಳಿದರು. ಅದು ನನ್ನ ಅಂಗಿಯ ಕಿಸೆಯಲ್ಲೇ ಇತ್ತು.

“ಪಟ್ಟಿ ತಪ್ಪೈತ್ರಿ, ಅಯ್ಯನವರ. ಕೊಡಾಕ ಬರೂದಿಲ್ಲ.”

ತಿದ್ದಿ ಕಳಿಸಿ, ಮಾನ್ಯತೆಯ ಕಾಗದ ಆಮೇಲೆ ಎಂದರು. ಸುಶೀಲಾಬಾಯಿ ನನ್ನ ಚಹಾದ ಬಸಿಯಲ್ಲಿ ಇನ್ನೊಂದು ಚಮಚ ಸಿಹಿ ಕುಂದಾ ಇಟ್ಟು ಹೋದರು.

ಮನೆಗೆ ಬಂದು ಹೊಸ ಪಟ್ಟಿ ಬರೆದೆ. ಮನೆಮಾತಿನ ಪ್ರಕಾರ ಬಿಟ್ಟು ಬೆಂಚಿನ ಪ್ರಕಾರ ಹೆಸರು ಬರೆದೆ. ಭಾಷೆಯ ಕಾಲಮಿನಲ್ಲಿ ಮೊದಲ ಹೆಸರಿನಿಂದ ಕೊನೆಯವರೆಗೆ ಒಂದೇ ಉತ್ತರ: ಬಾಜು ಕುಂತವರದು. ಲಕೋಟೆ ಅಂಟಿಸುವ ಮುನ್ನ ಇನ್ನೊಮ್ಮೆ ಓದಿ, ಅಂಚೆಗೆ ಹಾಕಿದೆ. ಕೆಲಸದಲ್ಲಿದ್ದಷ್ಟು ದಿನ ಇಂಥ ಉತ್ತರ ಬರೆದವರ ಅರ್ಜಿಯನ್ನು ನಾನು ಕಣ್ಣು ಮುಚ್ಚಿ ವಾಪಸು ಕಳಿಸಿದವನು.

ನಮ್ಮದೂ ವಾಪಸು ಬಂತು. ಭಾಷೆಯ ಕಾಲಮು ಸರಿಯಾಗಿ ತುಂಬಬೇಕೆಂದು ಕೆಂಪು ಮಸಿಯಲ್ಲಿ ಬರೆದಿದ್ದರು. ನಾನು ಹೊಸ ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದೆ, ಇನ್ನಷ್ಟು ದುಂಡಗೆ. ಈಗ ಎರಡನೆಯ ಸಲವೂ ವಾಪಸು ಬಂದಿದೆ, ಮೇಜಿನ ಮೇಲಿದೆ. ಇದನ್ನೂ ಹಾಗೇ ಬರೆಯುತ್ತೇನೆ, ಆದರೆ ಅವಸರವೇನಿಲ್ಲ. ಕಡತ ಇತ್ಯರ್ಥವಾಗುವ ತನಕ ನಮ್ಮ ಆರಾಧನೆ ಒಂದೇ. ಒಂದು ಕಡತವನ್ನು ಇತ್ಯರ್ಥವಾಗದ ಹಾಗೆ ಎಷ್ಟು ವರ್ಷ ಇಡಬಹುದೆಂಬುದು ಕಾರಕೂನನಿಗೆ ಗೊತ್ತಿರುವಷ್ಟು ಬಿಷಪ್ಪರಿಗೂ ಗೊತ್ತಿರಲಾರದು.