ಅವ್ವನ ಸಾದಾ ಮುಖ

ಆ ವರ್ಷ ನಾನು ಕಣ್ಣು ಮುಚ್ಚಿದರೆ ಸಾಕು, ಮುಖಗಳು ತೇಲಿ ಬರುತ್ತಿದ್ದವು. ಕೂದಲಿಲ್ಲದ, ಕುತ್ತಿಗೆಯಿಲ್ಲದ ಬೂದು ಬಣ್ಣದ ಮುಖಗಳು. ನಗುತ್ತ ಬಂದ ಒಂದು ಮೆಲ್ಲಗೆ ಕರಗುತ್ತಿತ್ತು, ಅದೇ ಜಾಗದಲ್ಲಿ ಇನ್ನೊಂದು ಅಳುಮೋರೆ ಮೂಡುತ್ತಿತ್ತು. ಬಸ್ಸಿನಲ್ಲಿ ಎದುರು ಕೂತವರೂ ಹಾಗೆಯೇ ಮೂಡಿ ಕರಗಿದಂತೆ ಕಂಡು, ಇಳಿಯುವ ಸ್ಟಾಪು ಎಷ್ಟೋ ಸಲ ತಪ್ಪಿಸಿಕೊಂಡಿದ್ದೇನೆ. ಇವಳಿಗೆ ತಲೆ ಕೆಟ್ಟಿತ್ತು ಅಂದುಕೊಳ್ಳಬೇಡಿ. ಮುಖ ನೋಡುವುದೇ ನನ್ನ ಕೆಲಸವಾಗಿತ್ತು.

ಅಹಮದಾಬಾದಿನ ಒಂದು ಮನಃಶಾಸ್ತ್ರದ ಪ್ರಯೋಗಾಲಯದಲ್ಲಿ ಆಗಷ್ಟೇ ಸಹಾಯಕಿಯಾಗಿ ಸೇರಿದ್ದೆ. ಸೈಕೋಪತಿಯ ಲಕ್ಷಣ ಇರುವವರು ಎದುರಿನವರ ಮುಖದಿಂದ ಏನು ಕಲಿಯುತ್ತಾರೆ, ಏನು ಕಲಿಯುವುದಿಲ್ಲ ಎಂಬುದು ಅಲ್ಲಿಯ ಪ್ರಶ್ನೆ. ಸೈಕೋಪಾತ್ ಅಂದರೆ ಸಿನಿಮಾದಲ್ಲಿ ಚಾಕು ಹಿಡಿದು ನಗುವವನು ಅಂತಲೇ ನಾನೂ ತಿಳಿದಿದ್ದೆ. ಹಾಗಲ್ಲವಂತೆ. ಇಸ್ತ್ರಿ ಅಂಗಿ ತೊಟ್ಟು, ಊರಿಗೆಲ್ಲ ಬೇಕಾದವನಾಗಿ ಪಕ್ಕದ ಮನೆಯಲ್ಲೇ ಇರಬಹುದಂತೆ. ಎದುರಿನವರು ಹೆದರಿದ್ದು ಕಂಡರೆ ನಮ್ಮ ಕೈ ತಾನಾಗಿ ಹಿಂದೆ ಸರಿಯುತ್ತದಲ್ಲ, ಅಂಥವರಲ್ಲಿ ಕೆಲವರಿಗೆ ಆ ಪಾಠ ತಲೆಗೆ ಹತ್ತುವುದೇ ಇಲ್ಲವಂತೆ.

ಪರೀಕ್ಷೆ ಸರಳ. ಪರದೆಯ ಕೆಳಗೆ ನಾಲ್ಕು ಗುಂಡಿ, ಒತ್ತಿದರೆ ಒಂದು ಮುಖ. ಯಾವ ಗುಂಡಿಗೆ ಮುಖ ಹೆದರುತ್ತದೋ ಅದರ ತಂಟೆಗೆ ಹೋಗಬಾರದು. ಕೊನೆಗೆ ಯಾವ ಮುಖ ಯಾವುದೆಂದು ಗುರುತು ಹಾಕಬೇಕು: ಸಂತೋಷವೋ, ದುಃಖವೋ, ಸಿಟ್ಟೋ, ಭಯವೋ, ಏನೂ ಇಲ್ಲದ ಸಾದಾ ಮುಖವೋ. ಹೊಸಬರು ಬೇರೆಯವರನ್ನು ಕೂರಿಸುವ ಮೊದಲು ತಾವೊಮ್ಮೆ ಕೂರಬೇಕೆಂಬುದು ಅಲ್ಲಿಯ ರೂಢಿ. ನಾನು ಜಂಬದಿಂದಲೇ ಕೂತೆ. ಮುಗಿದಾಗ ನೋಡಿದರೆ ಹೆದರುವ ಗುಂಡಿಯನ್ನೇ ಕೊನೆಯವರೆಗೂ ಒತ್ತಿದ್ದೆ. ಭಯದ ಮುಖಗಳಿಗೆಲ್ಲ ‘ಸಾದಾ’ ಎಂದು ಗುರುತು ಹಾಕಿದ್ದೆ. ನಮ್ಮ ಮುಖ್ಯಸ್ಥೆ ನಕ್ಕುಬಿಟ್ಟರು. ನಿದ್ದೆಗಣ್ಣಲ್ಲಿ ಕೂತಿದ್ದೆಯಾ ಎಂದು ಹಿಂದಿಯಲ್ಲಿ ಕೇಳಿ, ಇದೊಂದರಿಂದ ಯಾರನ್ನೂ ಇಂಥವರು ಅನ್ನಲಾಗದು, ತಲೆ ಕೆಡಿಸಿಕೊಳ್ಳಬೇಡ ಎಂದರು.

ಅವರಿಗೇನು, ನಕ್ಕರು. ನಾನು ಥೇಟ್ ಅಪ್ಪನಂತೆ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳು. ವಡೋದರಾ ಹತ್ತಿರದ ಕೊಯಾಲಿಯಲ್ಲಿ, ರಿಫೈನರಿಯವರ ಟೌನ್‌ಶಿಪ್ಪಿನಲ್ಲಿ ನಮ್ಮ ಮನೆ. ಅಲ್ಲಿಯವರಿಗೆಲ್ಲ ಅಪ್ಪ ಅಂದರೆ ಜೀವ. ಯಾರ ಮನೆಯ ಕಾರ್ಯವಾದರೂ ಅವನೇ ಮುಂದೆ. ನಮ್ಮ ಮನೆಯೊಳಗೆ ಮಾತ್ರ ಊಟದ ತಾಟು ಯಾವಾಗ ಗೋಡೆಗೆ ಬಡಿಯುತ್ತದೋ ಹೇಳುವಂತಿರಲಿಲ್ಲ. ಬಡಿದ ಮೇಲೆ ಏನೂ ಆಗದವನಂತೆ ಇನ್ನೊಂದು ತಾಟು ತರಿಸಿ ಹೊಟ್ಟೆತುಂಬ ಉಣ್ಣುತ್ತಿದ್ದ. ತಾಟು ಎಸೆದದ್ದನ್ನು ಬೇಕಾದರೆ ಮರೆತೇನು, ಆ ಊಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಈಗ ಅವನೇ ನನ್ನೊಳಗೆ ಕೂತಿದ್ದಾನೆಯೇ? ಅಹಮದಾಬಾದಿನಲ್ಲಿ ನನ್ನ ಜೊತೆ ಫ್ಲ್ಯಾಟಿನಲ್ಲಿದ್ದ ಗೆಳತಿ ಒಮ್ಮೆ ನನ್ನೆದುರು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ನಾನು ಅಕ್ಕಿ ಎಷ್ಟಿಡಲಿ ಎಂದು ಕೇಳಿದ್ದೆನಂತೆ. ಅದೂ ನೆನಪಾಯಿತು.

ಶನಿವಾರ ರೈಲು ಹತ್ತಿ ಮನೆಗೆ ಹೊರಟೆ. ಕಿಟಕಿಯ ಗಾಜಿನ ಮೇಲೆ ಹೊಲಗಳು ಓಡುತ್ತಿದ್ದವು, ಹೊಲಗಳ ಮೇಲೆ ನನ್ನ ಮುಖ ನಿಂತಿತ್ತು. ಅದನ್ನೇ ನೋಡುತ್ತ, ಇದು ಯಾರದು, ಯಾರದು ಎಂದು ಜೊಂಪಿನಲ್ಲೇ ವಡೋದರಾ ಮುಟ್ಟಿದೆ.

ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಯ ಕಟ್ಟೆ ಹತ್ತಿ ಕೂತಿದ್ದೆ. ಟೌನ್‌ಶಿಪ್ಪಿನ ಗೇಟಿನಲ್ಲಿ, ಅಪ್ಪನನ್ನು ರಿಫೈನರಿಯಿಂದ ಕರೆತರುವ ಶಿಫ್ಟ್ ಬಸ್ಸಿನ ಹಾರ್ನ್ ಕೇಳಿತು. ಅವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಹುಬ್ಬು ಎರಡೂ ಚೂರು ಮೇಲೆದ್ದು ಒಂದರ ಹತ್ತಿರ ಒಂದು ಬಂದವು, ಕಣ್ಣು ಅಗಲವಾದವು, ತುಟಿ ತುಸು ಬಿಚ್ಚಿ ಹಾಗೇ ಉಳಿಯಿತು. ಪರದೆಯ ಮೇಲಿನ ಬೂದು ಮುಖವೇ ಅದು. ಇಲ್ಲಿ ಅದಕ್ಕೊಂದು ಮೂಗುಬಟ್ಟು ಇತ್ತು, ಅಷ್ಟೇ.

“ಅವ್ವಾ, ಅಂಜಿದಿ ಏನ?” ಅಂದೆ.

“ಅಂಜಾಕ ಏನಾಗೇತಿ? ನನ್ನ ಮಾರೀನ ಹಿಂಗೈತಿ,” ಅಂದು ಅವಳು ರೊಟ್ಟಿ ತಿರುವಿದಳು.

ನಿಜ, ಆ ಮುಖ ಹಾಗೇ ಇತ್ತು. ನಾನು ತೊಟ್ಟಿಲಿನಿಂದ ನೋಡಿದ್ದು ಅದನ್ನೇ. ಬೆಳಿಗ್ಗೆ ಜಡೆ ಹಾಕುವಾಗಲೂ ಅದೇ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವಾಗಲೂ ಅದೇ. ಇಪ್ಪತ್ನಾಲ್ಕು ವರ್ಷ ಅವಳ ಭಯವನ್ನೇ ಅವಳ ಮುಖ ಎಂದು ಕಲಿತುಕೊಂಡಿದ್ದೆ.

ಅಪ್ಪ ಒಳಗೆ ಬಂದ. ನನ್ನ ತಲೆ ನೇವರಿಸಿ, ಕೈಕಾಲು ತೊಳೆದು ಊಟಕ್ಕೆ ಕೂತ. ಅವ್ವನ ಮುಖವನ್ನೇ ನೆಟ್ಟಗೆ ನೋಡಿ, ಶೇಂಗಾ ಚಟ್ನಿ ಮುಗಿಯಿತೇನು ಎಂದು ಕೇಳಿದ. ಆ ಹುಬ್ಬು, ಆ ಕಣ್ಣು ಎಲ್ಲ ಅವನ ಎದುರಿಗೇ ಇತ್ತು, ಅವನಿಗೆ ಚಟ್ನಿಯ ಚಿಂತೆ. ಅವನಿಗೆ ಇರುವುದಕ್ಕೆ ಏನೆಂದು ಹೆಸರೋ ನನಗೆ ಗೊತ್ತಿಲ್ಲ. ನಾಲ್ಕು ಗುಂಡಿ ಒತ್ತಿದ ಮಾತ್ರಕ್ಕೆ ಹೆಸರಿಡಲು ನಾನು ಯಾವ ದೊಡ್ಡ ಡಾಕ್ಟರು? ಆದರೆ ಅವ್ವನ ಮುಖ ಕಂಡು, ರೊಟ್ಟಿಗೆ ಚಾಚಿದ ನನ್ನ ಕೈ ತಾನಾಗಿ ಹಿಂದೆ ಸರಿದಿತ್ತು. ಸದ್ಯ, ನಾನು ಅವನಲ್ಲ ಎಂಬ ಸಮಾಧಾನವೂ ಕಣ್ಣಿದ್ದೂ ಕುರುಡಿಯಾಗಿದ್ದೆನಲ್ಲ ಎಂಬ ನಾಚಿಕೆಯೂ ಒಟ್ಟಿಗೇ ಬಂದು, ನೀರು ಕುಡಿಯುವ ನೆಪದಲ್ಲಿ ಎದ್ದುಹೋಗಿ ಅತ್ತೆ.

ಮರುದಿನ ಹಸಿ ಸುಳ್ಳು ಹೇಳಿದೆ. ನನಗೆ ಮೈ ಸರಿಯಿಲ್ಲ, ಮಾಡಿಹಾಕುವವರಿಲ್ಲ, ಅವ್ವ ಸ್ವಲ್ಪ ದಿನ ಬಂದಿರಲಿ ಎಂದು. ಅಪ್ಪ ನಗುನಗುತ್ತಲೇ ಸ್ಟೇಷನ್ನಿಗೆ ಬಂದು ರೈಲು ಹತ್ತಿಸಿದ.

ಅಹಮದಾಬಾದಿನ ವಸ್ತ್ರಾಪುರದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಮೊದಮೊದಲು ಅವ್ವ ಲಿಫ್ಟಿನ ಬಾಗಿಲು ಸದ್ದಾದರೂ ಬೆಚ್ಚುತ್ತಿದ್ದಳು. ಆಮೇಲೆ ಮಧ್ಯಾಹ್ನ ಮಲಗಲು ಕಲಿತಳು. ಆಮೇಲೆ ಸಂಜೆ ತಾನೇ ಹತ್ತಿರದ ಕೆರೆಯ ಕಡೆ ಹೋಗತೊಡಗಿದಳು. ಹತ್ತನೆಯ ದಿನವೋ ಹನ್ನೊಂದನೆಯದೋ, ನಾನು ಕೆಲಸದಿಂದ ನೇರ ಅಲ್ಲಿಗೇ ಹೋದೆ. ನೀರಿನ ಮೇಲೆ ಬೆಳಕು ಹಳದಿಯಾಗಿ ಹರಡಿತ್ತು. ಕನಸಿನಲ್ಲಿ ನಡೆದ ಹಾಗೆ ಬೆಂಚಿನಿಂದ ಬೆಂಚಿಗೆ ನೋಡುತ್ತ ಒಂದು ಸುತ್ತು ಬಂದೆ. ಅವ್ವ ಎಲ್ಲೂ ಇರಲಿಲ್ಲ. ಒಂದು ಬೆಂಚಿನಲ್ಲಿ ನಾಲ್ಕೈದು ಗುಜರಾತಿ ಹೆಂಗಸರು ಯಾವುದಕ್ಕೋ ಚಪ್ಪಾಳೆ ತಟ್ಟಿಕೊಂಡು ನಗುತ್ತಿದ್ದರು. ಅವರ ನಡುವಿನವಳು ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಎಷ್ಟು ಚೆಂದದ ಹೆಂಗಸು ಅಂದುಕೊಂಡು ದಾಟಿಹೋದೆ. ಅವ್ವ ದಾರಿ ತಪ್ಪಿದಳೇನೋ ಎಂದು ಗಾಬರಿಯಾಗಿ ಇನ್ನೊಂದು ಸುತ್ತು ಹೊರಟೆ. ಆ ಬೆಂಚಿನ ಮುಂದೆ ಮತ್ತೆ ಹಾಯುವಾಗ ನಡುವಿನವಳು ಕೂಗಿದಳು.

“ಏ ಹುಡುಗಿ, ಎರಡ ಸಲ ನನ್ನ ಮುಂದನ ಹಾದು ಹೊಂಟೀಯಲ್ಲ, ಗುರ್ತ ಹತ್ತಲಿಲ್ಲೇನ?”

ಹತ್ತಿರಲಿಲ್ಲ.